ಕುಡಿ ಎಂದರೆ ಬಲಗಡೆ

ನೀವು ನಗುವುದಾದರೆ ಈಗಲೇ ನಕ್ಕುಬಿಡಿ. ಮನೆ ಬಿಟ್ಟು ಹೊರಡುವ ಮೊದಲು ನಾನು ಬಾಗಿಲ ಪಕ್ಕದಲ್ಲಿ ನೇತುಹಾಕಿರುವ ಒಂದು ರಟ್ಟನ್ನು ಗಟ್ಟಿಯಾಗಿ ಓದುತ್ತೇನೆ. ಗ್ಯಾಸು ಬಂದ್. ಮೋಟಾರು ಬಂದ್. ಹಿತ್ತಲ ಚಿಲಕ. ಕನ್ನಡಕ. ಮಾತ್ರೆ. ಹಲ್ಲು. ಒಂದೊಂದನ್ನೂ ಓದಿ, ಕೈಯಿಂದ ಮುಟ್ಟಿ ನೋಡಿ, ನನಗೆ ನಾನೇ "ಆಯಿತು" ಎಂದು ಉತ್ತರ ಕೊಟ್ಟುಕೊಂಡ ಮೇಲೆಯೇ ಮೆಟ್ಟಿಲು ಇಳಿಯುವುದು. ಮಡಕಶಿರದ ನಮ್ಮ ಬೀದಿಯ ತುದಿಯ ಅಂಗಡಿಯಿಂದ ಕೊತ್ತಂಬರಿ ತರುವುದಕ್ಕೂ ಇದೇ ಕ್ರಮ.

"ಸೊಪ್ಪಿಗ್ ಹೋಗ್ತೀರೋ ಆಕಾಸಕ್ ಹೋಗ್ತೀರೋ?" ಎಂದು ನನ್ನ ಹೆಂಡತಿ ಸರೋಜ ಅಡುಗೆಮನೆಯಿಂದ ಕೇಳುತ್ತಾಳೆ. ನಲವತ್ತು ವರ್ಷದಿಂದ ಅದೇ ಪ್ರಶ್ನೆ, ಅದೇ ರಾಗ. ಅವಳಿಗೂ ಒಂದು ರಟ್ಟು ಇದೆ ಅನ್ನಿ, ಬರೆದು ನೇತುಹಾಕಿಲ್ಲ ಅಷ್ಟೆ.

ಹೆಲಿಕಾಪ್ಟರು ಹಾರಿಸುತ್ತಿದ್ದವನು ನಾನು. ಹಾಗಾಗಿ ಈ ಶಿಸ್ತು ಸಮವಸ್ತ್ರದಿಂದ ಬಂದದ್ದೆಂದು ಜನ ತಿಳಿಯುತ್ತಾರೆ. ಅಲ್ಲ, ಇದು ಹುಳುವಿನಿಂದ ಬಂದದ್ದು. ರೊಳ್ಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ರೇಷ್ಮೆ ಹುಳು ಸಾಕುತ್ತಿದ್ದರು. ನಡುಮನೆಯ ತುಂಬ ಬಿದಿರ ತಟ್ಟೆಗಳು. ಮಕ್ಕಳಾದ ನಮಗೆ ಜಗಲಿ. ಹೊತ್ತು ಹೊತ್ತಿಗೆ ಸೊಪ್ಪು ಬೀಳಬೇಕು, ಹೊತ್ತು ತಪ್ಪಿದರೆ ಗೂಡು ತೆಳ್ಳಗಾಗುತ್ತದೆ. ಹುಳು ಪೊರೆ ಬಿಡುವ ಮೊದಲು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಹುಳು ಜ್ವರಕ್ಕೆ ಕೂತಾಗ ಮನೆಯಲ್ಲಿ ಜೋರಾಗಿ ಒಗ್ಗರಣೆ ಹಾಕುವಂತಿಲ್ಲ, ಬೀಡಿ ಸೇದಿದವರು ಒಳಗೆ ಕಾಲಿಡುವಂತಿಲ್ಲ. ಒಮ್ಮೆ ಅಮ್ಮ "ಜ್ವರ ಬಂದೈತೆ" ಎಂದು ಹಿತ್ತಲಿಗೆ ಓಡಿ ಹೋಗಿ ಹೇಳಿದಳು. "ಯಾವುದ್ಕೆ, ಹುಳೀಗಾ ಹುಡುಗಂಗಾ?" ಎಂದರು ಅಪ್ಪ. ಹುಡುಗನಿಗೆ ಎಂದು ತಿಳಿದ ಮೇಲೆ ಸಮಾಧಾನವಾಗಿ ಸೊಪ್ಪು ಕೊಯ್ಯಲು ಹೋದರು. ಇಂಥ ಮನೆಯಲ್ಲಿ ಬೆಳೆದವನಿಗೆ ಮುಂದೆ ಯಾವ ಪಡೆಯ ಶಿಸ್ತೂ ಕಷ್ಟ ಎನಿಸಲಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳ ಒಂದು ಭಾನುವಾರ ಬೆಳಗಿನ ಜಾವ ಆ ರಟ್ಟನ್ನು ಮೂರು ಸಲ ಓದಿದೆ. ಮೂರು ಸಲವೂ ಎಲ್ಲಿಗೆ ನಿಲ್ಲಿಸಿದೆನೆಂದು ಮರೆತು ಮೊದಲಿಂದ ಶುರು ಮಾಡಿದೆ.

"ಕಾಲಿಗೇನ್ ಚಕ್ರ ಕಟ್ಕಂಡಿದೀರಾ? ಒಳೀಕ್ ಬರ್ತೀರಾ, ಹೊರೀಕ್ ಹೋಗ್ತೀರಾ" ಎಂದಳು ಸರೋಜ. "ಅಷ್ಟೊಂದ್ ಕಸಿವಿಸಿ ಆದ್ರೆ ಹೋಗ್ಬ್ಯಾಡಿ ರಾಯದುರ್ಗಕ್ಕೆ. ಜ್ವರ ಅಂತ ಹೇಳಿದ್ರಾಯ್ತು."

"ಹುಳೀಗಾ ಹುಡುಗಂಗಾ ಅಂತ ಕೇಳಿದ್ರೆ?" ಎಂದೆ. ನಗಲಿಲ್ಲ ಅವಳು. ನನಗೂ ನಗು ಬರಲಿಲ್ಲ.

ಕಸಿವಿಸಿಗೆ ಕಾರಣ ಎರಡು ಫೋನು. ಮೊದಲನೆಯದು ರಾಯದುರ್ಗದ ಗಿರಿಜಾಳದ್ದು. ಗಿರಿಜಾ ಹೈಸ್ಕೂಲಿನಲ್ಲಿ ಟೀಚರು, ನನ್ನ ಜೊತೆ ಹಾರಿದ ಎಂಜಿನಿಯರ್ ತಿಪ್ಪೇಸ್ವಾಮಿಯ ಸೊಸೆ. ಊರಿನ ಒಂದು ಸಭಾಂಗಣದಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಹಿರಿಯರನ್ನು ಕರೆಸಿ ಕಥೆ ಹೇಳಿಸುತ್ತಾಳೆ. ಷರತ್ತು ಒಂದೇ: ನಡೆದದ್ದನ್ನು ನಡೆದ ಹಾಗೆ ಹೇಳಬೇಕು. "ಈ ಸಲ ನೀವು ಬರ್ಲೇಬೇಕ್ರಿ ಅಂಕಲ್. ಆ ಕುಡಿ ಕಥಿ ಎಲ್ರಿಗೂ ಗೊತ್ತು, ಆದ್ರ ನಿಮ್ಮ ಬಾಯಿಂದ ಕೇಳಿಲ್ಲ" ಎಂದಳು. ನಾನು ಉಬ್ಬಿಹೋಗಿ ಒಪ್ಪಿಕೊಂಡೆ.

ಎರಡು ದಿನ ಬಿಟ್ಟು ಬಂದದ್ದು ತಿಪ್ಪೇಸ್ವಾಮಿಯದೇ ಫೋನು. "ಆರಾಮ ಇದ್ದೀರೇನ್ರಿ ಸಾರ್? ಒಂದು ಮಾತು, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಕುಡಿ ಕಥಿ ಬ್ಯಾಡ್ರಿ. ಬ್ಯಾರೆ ಯಾವುದರ ಹೇಳ್ರಿ. ಕುರಿ ಕಥಿ ಹೇಳ್ರಿ, ಅದು ಚಂದ ಐತಿ."

"ಯಾಕಪ್ಪ?"

"ಏನಿಲ್ರಿ... ಮೊಮ್ಮಕ್ಳು ಬರ್ತಾವಲ್ರಿ ಕೇಳಾಕ."

ನಲವತ್ತು ವರ್ಷದಲ್ಲಿ ಅವನು ನನ್ನನ್ನು ಏನೂ ಕೇಳಿದವನಲ್ಲ. ಅಂದಿನಿಂದ ನಾನು ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ.

ಪಾವಗಡದಲ್ಲಿ ಬಸ್ಸು ಬದಲಿಸಿದೆ, ಕಲ್ಯಾಣದುರ್ಗದಲ್ಲಿ ಮತ್ತೊಮ್ಮೆ. ಎಲ್ಲದರಲ್ಲೂ ಸೀಟು ಸಿಕ್ಕಿತು, ಕೂರಲಾಗಲಿಲ್ಲ. ಎದ್ದು ನಿಂತು ಕಂಬಿ ಹಿಡಿದುಕೊಂಡೆ. "ಕೂರ್ಚೋಂಡಿ ಪೆದ್ದಾಯನಾ, ಸೀಟು ಖಾಳೀಗಾ ಉಂದಿ ಕದಾ" ಎಂದ ಕಂಡಕ್ಟರು. ಸೀಟು ಖಾಲಿಯಿರುವುದು ನನಗೂ ಕಾಣುತ್ತಿತ್ತು. ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಸಾಲದು, ಇನ್ನೂ ಬೇಗ ಹೋಗಲಿ ಎನಿಸುತ್ತಿತ್ತು. ಮರುಕ್ಷಣ, ಬಸ್ಸು ಕೆಟ್ಟು ನಿಲ್ಲಬಾರದೇ ಎಂದೂ ಎನಿಸುತ್ತಿತ್ತು.

ಅಷ್ಟರಲ್ಲಿ ನಿಮಗೆ ಕುಡಿ ಕಥೆ ಏನೆಂದು ಹೇಳಿಬಿಡುತ್ತೇನೆ.

ನಾನು ಹಾರಿಸುತ್ತಿದ್ದದ್ದು ಅರುಣಾಚಲದ ಕಾಡುಗುಡ್ಡಗಳ ಮೇಲೆ. ರಸ್ತೆ ಮುಗಿದ ಮೇಲೆ ಆರೇಳು ದಿನ ನಡೆದರೆ ಸಿಗುವ ಊರುಗಳು. ಉಪ್ಪು, ಸೀಮೆಎಣ್ಣೆ, ಶಾಲೆಯ ಪುಸ್ತಕ, ಲಸಿಕೆ ಪೆಟ್ಟಿಗೆ, ಜೀವಂತ ಕುರಿ, ಎಲ್ಲ ನಮ್ಮ ಹೆಲಿಕಾಪ್ಟರಿನ ಹೊಟ್ಟೆಯೊಳಗೆ ಹೋಗಬೇಕು. ಆ ಊರಿನ ಮಕ್ಕಳು ಬಸ್ಸು ನೋಡಿರಲಿಲ್ಲ. ಆದರೆ ಎರಡು ಕಣಿವೆಯಾಚೆಯ ಸದ್ದು ಕೇಳಿ ಇವತ್ತು ಬರುತ್ತಿರುವವನು ಯಾರೆಂದು ಹೇಳುತ್ತಿದ್ದವು. ಚಿಕ್ಕ ಹೆಲಿಕಾಪ್ಟರು. ಮುಂದೆ ಬಲಗಡೆ ನಾನು, ಹಿಂದೆ ತಿಪ್ಪೇಸ್ವಾಮಿ, ಅವನ ಹಿಂದೆ ಸಾಮಾನು. ಇಳಿಯುವಾಗ ನನಗೆ ಎಡಗಡೆಯ ತಳ ಕಾಣುವುದಿಲ್ಲ. ಅವನು ಎಡಬಾಗಿಲಿನಿಂದ ತಲೆ ಹೊರಗೆ ಹಾಕಿ ನೋಡಿ ನನ್ನ ಹೆಡ್‌ಫೋನಿನಲ್ಲಿ ಹೇಳಬೇಕು. ಹೇಳುವುದು ಇಂಗ್ಲಿಷಿನಲ್ಲೇ ಆಗಬೇಕೆಂಬುದು ನನ್ನ ಕಟ್ಟಪ್ಪಣೆ.

ಮೋಡ ಇಳಿದರೆ ಮೂರು ದಿನ, ನಾಲ್ಕು ದಿನ ತಗಡಿನ ಮನೆಯಲ್ಲಿ ಕಟ್ಟಿಹಾಕಿದಂತೆ ಕೂತಿರಬೇಕು. ಹಾರುವವರನ್ನು ಕೂರಿಸಿದರೆ ಕಥೆ ಹೇಳುತ್ತಾರೆ. ಅದಕ್ಕೆ ಎರಡು ಅಂಗೈ ಸಾಕು: ಬಲಗೈ ಹೆಲಿಕಾಪ್ಟರು, ಎಡಗೈ ಗುಡ್ಡ. ಎಲ್ಲ ನಿಜ ಕಥೆಗಳೇ. ಪೂರಾ ಸುಳ್ಳು ಹೇಳಿದರೆ, ಪಕ್ಕದಲ್ಲಿ ಕೂತವನು ನಿನ್ನೆ ಅದೇ ಕಣಿವೆಯಲ್ಲಿ ಹಾರಿ ಬಂದಿರುತ್ತಾನೆ. ಆದರೆ ಊಟಕ್ಕೆ ಮೊದಲು ಹತ್ತು ಗಜ ದೂರವಿದ್ದ ಮರ ಊಟವಾದ ಮೇಲೆ ಹತ್ತು ಅಡಿಗೆ ಬರುತ್ತಿತ್ತು. ಮೂರನೇ ದಿನಕ್ಕೆ ಎಲೆ ಎಣಿಸುವಷ್ಟು ಹತ್ತಿರ. ಅದನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ. ತಿಪ್ಪೇಸ್ವಾಮಿಯಂಥವರು ಆ ಕೋಣೆಯಲ್ಲಿ ಕೂರುತ್ತಿರಲಿಲ್ಲ. ಅವರ ಮೆಸ್ಸು ಬೇರೆ. ನಮ್ಮ ಕಥೆಗಳಲ್ಲಿ ಅವರು ಬರುತ್ತಿದ್ದರು, ನಮ್ಮ ಕಥೆಗಳನ್ನು ಕೇಳಲು ಬರುತ್ತಿರಲಿಲ್ಲ.

ಅಲ್ಲಿ ನಾನು ಹೇಳಿದ ಕಥೆ ಇದು. ಹೊಳೆಯ ದಂಡೆಯ ಒಂದು ಊರಿಗೆ ಇಳಿಯುತ್ತಿದ್ದೆ. ಹಿಂದಿನ ವಾರ ಇಲ್ಲದ ಒಂದು ಉಕ್ಕಿನ ಹಗ್ಗವನ್ನು, ಮರ ಸಾಗಿಸಲೆಂದು, ಊರವರು ಹೊಳೆಗೆ ಅಡ್ಡ ಕಟ್ಟಿದ್ದರು. ಎಡಗಡೆ ಅದು ಹಠಾತ್ತಾಗಿ ನನ್ನ ಕಣ್ಣಿಗೆ ಬಿತ್ತು. ತಕ್ಷಣ ಬಲಕ್ಕೆ ಹೊರಳಿಸಿದೆ. ಆ ಸಾವು ಬದುಕಿನ ಗಳಿಗೆಯಲ್ಲಿ ನನ್ನ ತಿಪ್ಪೇಸ್ವಾಮಿ ಏನು ಮಾಡುತ್ತಿದ್ದ? ಗಾಬರಿಯಲ್ಲಿ ತಲೆ ಕೆಟ್ಟು, ಚಹಾದ ಫ್ಲಾಸ್ಕು ನನ್ನ ಮೂತಿಗೆ ಹಿಡಿದು "ಕುಡಿ! ಕುಡಿ!" ಎಂದು ಕೂಗುತ್ತಿದ್ದ!

ಕುಡಿ ಎಂದರೇನೆಂದು ಬಿಡಿಸಿ ಹೇಳಿದ ಮೇಲೆ ತಗಡಿನ ಮನೆ ಹಾರಿಹೋಗುವಂತೆ ನಕ್ಕರು. ಮುಂದೆ ಅವನ ಮದುವೆಗೆ ನೇಮಕಲ್ಲಿನ ಕಡೆಯ ಅವರ ಹಳ್ಳಿಗೆ ಬಂದವನು ಊಟದ ಪಂಕ್ತಿಯಲ್ಲಿ ಮತ್ತೆ ಹೇಳಿದೆ. "ಗಾಬ್ರ್ಯಾಗ ಸಾಹೇಬ್ರಿಗೆ ಮರ್ಯಾದಿ ಕೊಡೋದೂ ಮರ್ತ ನೋಡ್ರಿ!" ಎಂದು ಅವರೂ ನಕ್ಕರು. ಅಂದಿನಿಂದ ಅವನು ಕುಡಿ ತಿಪ್ಪಣ್ಣ. ಹೊಸಬರು ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡರು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದವನನ್ನು, ಮಾವನ ಮನೆಯಲ್ಲಿ ಮೊದಲ ಹಬ್ಬದ ದಿನ, ಅಜ್ಜಿಯೊಬ್ಬಳು ಹತ್ತಿರ ಕರೆದು ಬಾಯಿ ಮೂಸಿ ನೋಡಿದಳಂತೆ. ಇದನ್ನೂ ಅವನೇ ನನಗೆ ನಗುತ್ತ ಹೇಳಿದ. ನಗುತ್ತಿದ್ದಾನಲ್ಲ, ಮತ್ತೇನು ಎಂದುಕೊಂಡಿದ್ದೆ.

ಈಗ ನಿಜವಾಗಿ ನಡೆದದ್ದು. ಆಂಧ್ರದ ಗಡಿಯ ನಮ್ಮ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ: ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ಬಸ್ಸಿನಲ್ಲಿ ಯಾರಾದರೂ "ಕುಡಿ ವೈಪು" ಎಂದರೆ ನಾವು ಬಲಕ್ಕೆ ತಿರುಗುತ್ತೇವೆ. ಮನೆಗೆ ಬಂದಾಗ ಲೋಟ ಕೊಟ್ಟು ಕುಡಿ ಎಂದರೆ ಕುಡಿಯುತ್ತೇವೆ. ಎರಡು ಮಾತು ಒಂದೇ ಬಾಯಲ್ಲಿ ಅಕ್ಕಪಕ್ಕ ಇದ್ದು ಯಾವತ್ತೂ ಡಿಕ್ಕಿ ಹೊಡೆಯುವುದಿಲ್ಲ. ಆ ದಿನ ಹೊಡೆದವು. ನನಗೆ ಹತ್ತೂವರೆಗೆ ಚಹಾ ಆಗಬೇಕು. ನೆಲದ ಮೇಲಿದ್ದರೂ ಸರಿ, ಆಕಾಶದಲ್ಲಿದ್ದರೂ ಸರಿ. ಪ್ರತಿದಿನ ಆ ಹೊತ್ತಿಗೆ ತಿಪ್ಪೇಸ್ವಾಮಿ ಹಿಂದಿನಿಂದ ಲೋಟ ಚಾಚಿ "ಕುಡೀರಿ ಸಾರ್" ಎನ್ನುತ್ತಿದ್ದ. ಅವತ್ತು ಹತ್ತೂವರೆಗೆ ಎರಡು ನಿಮಿಷವಿತ್ತು. ಕಿವಿಯಲ್ಲಿ "ಕುಡಿ! ಕುಡಿ!" ಎಂದು ಕೇಳಿಸಿತು. ಹಗ್ಗ ನನಗೆ ಕಂಡೇ ಇರಲಿಲ್ಲ. ನಾನು ಕೊಟ್ಟ ಉತ್ತರ ಏನು ಗೊತ್ತೇ? "ಈಗ ಬೇಡವೋ!"

ಹಿಂದಿನಿಂದ ಒಂದು ಕೈ ಬಂದು ಹೆಲಿಕಾಪ್ಟರಿನ ಕೋಲು ಹಿಡಿದಿದ್ದ ನನ್ನ ಬಲಗೈಯನ್ನು ಬಲಕ್ಕೆ ನೂಕಿತು. ನಾವು ಹೊರಳಿದೆವು. ಎಡಗಡೆ ಏನೋ ಹೊಳೆದು ಹಿಂದಕ್ಕೆ ಹೋಯಿತು. ಇಳಿದ ಮೇಲೆ ನೋಡಿದೆ, ಹೆಬ್ಬೆರಳು ಗಾತ್ರದ ಹಗ್ಗ. ಆಗಲೇ ನನಗೆ ಎಲ್ಲ ತಿಳಿದಿತ್ತು. ಅವನು ನನಗೆ ಏಕವಚನ ಹಚ್ಚುವವನೇ ಅಲ್ಲ; ಆ "ರಿ" ಇಲ್ಲವೆಂಬುದೊಂದೇ ಸಾಕಿತ್ತು. ಆದರೆ ಸಂಜೆ ಮೆಸ್ಸಿನಲ್ಲಿ ಹಿರಿಯ ಅಧಿಕಾರಿ "ಏನಾಯಿತಂತೆ?" ಎಂದು ಕೇಳಿದಾಗ, ಎಂಜಿನಿಯರ್ ನನ್ನ ಕೈ ನೂಕಿ ನನ್ನನ್ನು ಉಳಿಸಿದ ಎನ್ನಲು ನಾಲಿಗೆ ಏಳಲಿಲ್ಲ. ನಗಿಸಿ ಪಾರಾದೆ. ಅವನ ಕೈಯಲ್ಲಿ ಫ್ಲಾಸ್ಕು ಇರಲಿಲ್ಲ. ಅದನ್ನು ಅಲ್ಲಿ ಇಟ್ಟವನು ನಾನು.

ರಾಯದುರ್ಗ ಬಂತು. ತಿಪ್ಪೇಸ್ವಾಮಿಯ ಮನೆಯ ಅಂಗಳದಲ್ಲಿ ಅವನ ಇಬ್ಬರು ಮೊಮ್ಮಕ್ಕಳು ಆಡುತ್ತಿದ್ದರು. ದೊಡ್ಡವಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಡ್ಡಿ ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಯುಬ್ಬಿಸಿ ಕೂತಿದ್ದಳು. ಚಿಕ್ಕವಳು ಹಿಂದೆ ನಿಂತು, ಚೊಂಬು ಹಿಡಿದ ಕೈ ಗಡಗಡ ನಡುಗಿಸುತ್ತ, ಕಣ್ಣು ಮೇಲೆ ಮಾಡಿ, "ಕುಡಿ ಸಾರ್ ಕುಡಿ! ಅಯ್ಯೋ ನಾ ಸತ್ತೆ, ಕುಡಿ!" ಎಂದು ಕಿರುಚಿ ನೆಲಕ್ಕೆ ಬಿದ್ದಳು. ಬಿದ್ದಲ್ಲಿಂದಲೇ ನನ್ನನ್ನು ನೋಡಿ ಎದ್ದು ಬಂದಳು.

"ಪೈಲೆಟ್ ತಾತ ಬಂದ್ರು! ಹೌದೇನ್ರಿ ತಾತ, ನಮ್ಮ ತಾತ ಖರೇನ ಅತ್ತಿದ್ರೇನ್ರಿ?"

ಅಳುವುದನ್ನು ನಾನು ಯಾವತ್ತೂ ಹೇಳಿರಲಿಲ್ಲ. ನಾನು ಇಟ್ಟ ಫ್ಲಾಸ್ಕಿನಿಂದ ಯಾರೋ ಬಗ್ಗಿಸಿಕೊಂಡದ್ದು ಅದು.

ತಿಪ್ಪೇಸ್ವಾಮಿ ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ. "ಮೊದಲ ತಾತಗ ನೀರು ಕೊಡ್ರೇ" ಎಂದ. ಚಿಕ್ಕವಳು ಚೊಂಬು ಮುಂದೆ ಹಿಡಿದಳು. "ಕುಡೀರಿ" ಎನ್ನುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ತಿಪ್ಪೇಸ್ವಾಮಿಯೂ ನಕ್ಕ. ಅದೇ ನಗು, ನಾನು ನಲವತ್ತು ವರ್ಷ ನೋಡಿದ್ದು. ತುಟಿ ಮಾತ್ರ ನಗುತ್ತಿತ್ತು.

"ಕುರಿ ಕಥಿನ ಹೇಳ್ತೀರಲ್ರಿ?" ಎಂದು ಮೆಲ್ಲಗೆ ಕೇಳಿದ.

"ಹೂಂ" ಎಂದೆ. ಹಾಗೆಯೇ ನಿಶ್ಚಯ ಮಾಡಿಕೊಂಡಿದ್ದೆ. ಕುರಿ ಕಥೆ ಸುಲಭ, ಅದರಲ್ಲಿ ಯಾರ ಮಾನವೂ ಹೋಗುವುದಿಲ್ಲ. ಹಾರುತ್ತಿರುವಾಗ ಎಂಟು ಕುರಿ ಹಗ್ಗ ಬಿಚ್ಚಿಕೊಂಡದ್ದು, ಕುರಿ ಸಾಕುವ ಮನೆಯ ತಿಪ್ಪೇಸ್ವಾಮಿ ಅವುಗಳ ನಡುವೆ ಕೂತು ಟಗರಿನ ಕಿವಿ ಹಿಡಿದು ಏನೋ ಸದ್ದು ಮಾಡಿದ್ದು, ಈಶಾನ್ಯದ ಕುರಿಗಳು ನೇಮಕಲ್ಲಿನ ಭಾಷೆ ತಿಳಿದು ಸಾಲಾಗಿ ಮಲಗಿದ್ದು. ಹತ್ತು ನಿಮಿಷದ ಕಥೆ. ಹೇಳಿ ಊಟ ಮಾಡಿ ಒಂದೂವರೆಯ ಬಸ್ಸಿಗೆ ಹೊರಡುವುದು.

ಸಭಾಂಗಣದಲ್ಲಿ ಐವತ್ತು ಅರವತ್ತು ಜನ. ಗಿರಿಜಾ ಮೈಕಿನ ಮುಂದೆ ನಿಂತು, "ಇವತ್ತು ನೀವೆಲ್ಲ ಕಾಯ್ತಿದ್ದ ಕಥಿ. ನಮ್ಮ ಮಾವನವರು ಕುಡಿ ತಿಪ್ಪಣ್ಣ ಆಗಿದ್ದು ಹೆಂಗ ಅಂತ" ಎಂದುಬಿಟ್ಟಳು. ಪಾಪ, ಮಾವನಿಗೆ ಗೌರವ ಎಂದೇ ಅವಳ ಭಾವನೆ. ಕಥೆ ಶುರುವಾಗುವ ಮೊದಲೇ ಜನ ನಕ್ಕರು. ಮೊದಲ ಸಾಲಿನಲ್ಲಿ ಮೊಮ್ಮಕ್ಕಳ ನಡುವೆ ಕೂತಿದ್ದ ತಿಪ್ಪೇಸ್ವಾಮಿ ತನ್ನ ಚಪ್ಪಲಿ ನೋಡಿಕೊಳ್ಳತೊಡಗಿದ.

ನಾನು ಎದ್ದು ನಿಂತೆ. ಕೈಗಳು ಹಳೆಯ ಅಭ್ಯಾಸದಂತೆ ಹೆಲಿಕಾಪ್ಟರೂ ಗುಡ್ಡವೂ ಆಗಲು ಹೊರಟವು. ಹಿಂದಕ್ಕೆ ಕಟ್ಟಿಕೊಂಡೆ.

"ಅವನ ಕೈಯಲ್ಲಿ ಫ್ಲಾಸ್ಕು ಇರಲಿಲ್ಲ" ಎಂದೆ.

ಜನ ನಗುತ್ತಲೇ ಇದ್ದರು. ಅದೂ ಕಥೆಯ ಭಾಗವೆಂದುಕೊಂಡರು. ಮತ್ತೆ ಹೇಳಿದೆ. ನಂತರ ಎಲ್ಲ ಹೇಳಿದೆ, ನಿಮಗೆ ಹೇಳಿದ ಹಾಗೆಯೇ: ಹಗ್ಗ ನನಗೆ ಕಾಣಲಿಲ್ಲ, ಗಾಬರಿಯಲ್ಲಿ ಇವನ ಬಾಯಲ್ಲಿ ಇಂಗ್ಲಿಷು ಹೋಗಿ ಶಾಲೆಯಲ್ಲಿ ಕಲಿತ ತೆಲುಗು ಬಂತು, ಎರಡು ಸಲ ಕುಡಿ ಎಂದು ಕೂಗಿದ, ನಾನು ಚಹಾ ಬೇಡ ಎಂದೆ, ಕೈ ನೂಕಿ ಉಳಿಸಿದವನು ಇವನು, ಮೆಸ್ಸಿನಲ್ಲಿ ಸುಳ್ಳು ಹೇಳಿದವನು ನಾನು. ಮೂರು ನಿಮಿಷದಲ್ಲಿ ಮುಗಿಯಿತು. ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಎದ್ದರು.

"ನೋಡ್ರಿ, ಎಂಥ ದೊಡ್ಡ ಮನಸು! ತಮ್ಮ ಹೆಸರು ಬಿಟ್ಟು ಗೆಳೆಯಗ ಕೊಡ್ತಾರ. ಈ ಕಾಲದಾಗ ಯಾರು ಕೊಡ್ತಾರ್ರಿ?"

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ! ಸುಳ್ಳು ಹೇಳಿದಾಗ ಸಿಕ್ಕಿದ್ದಕ್ಕಿಂತ ಜೋರು ಚಪ್ಪಾಳೆ. "ಅಲ್ಲ, ಇದು ನಡೆದದ್ದು, ನಡೆದದ್ದು" ಎಂದು ಮೈಕಿನಲ್ಲಿ ಕೂಗಿದೆ. ಕೂಗಿದಷ್ಟೂ ಅವರಿಗೆ ನನ್ನ ವಿನಯ ಹೆಚ್ಚಿದಂತೆ ಕಂಡಿತು. ಬೇರೆ ದಾರಿಯಿರಲಿಲ್ಲ. ಮೆಟ್ಟಿಲು ಇಳಿದು ಮೊದಲ ಸಾಲಿಗೆ ಹೋಗಿ, "ತಿಪ್ಪೇಸ್ವಾಮಿ, ನೀನು ಹೇಳಪ್ಪ. ನನ್ನ ಕೈಲಿ ಆಗೋದಿಲ್ಲ" ಎಂದೆ.

"ಬ್ಯಾಡ್ರಿ ಸಾರ್. ನನಗ ಮೈಕ್ ಬರಂಗಿಲ್ರಿ."

"ತಾತ, ಹೋಗ್ರಿ" ಎಂದು ಚಿಕ್ಕವಳು ಅವನ ಬೆನ್ನು ನೂಕಿದಳು.

ಅವನು ಹತ್ತಿದ. ನಾನು ಅವನ ಕುರ್ಚಿಯಲ್ಲಿ ಮೊಮ್ಮಕ್ಕಳ ನಡುವೆ ಕೂತೆ. ಅವನು ಮೈಕನ್ನು ಕುರಿಯ ಕಿವಿ ಹಿಡಿದಂತೆ ಹಿಡಿದುಕೊಂಡ.

"ಸಾರ್ ಹೇಳಿದ್ದು ಖರೇನ ಐತ್ರಿ" ಎಂದ. "ಆದ್ರ ಎರಡು ಸಲ ಅಂದ್ರು. ಎರಡಲ್ರಿ, ಒಂಬತ್ತು. ಕುರಿ ಎಣಿಸೋ ಮನ್ಯಾಗ ಹುಟ್ಟಿದವ ನಾನು, ಎಣಿಕಿ ತಪ್ಪಂಗಿಲ್ಲ. ಒಂಬತ್ತು ಸಲ ಕೂಗೀನಿ. ಹತ್ತನೇದಕ್ಕ ಬಾಯಿಗೆ ಟೈಮ್ ಇರಲಿಲ್ಲ, ಕೈ ಹಾಕಿದೆ."

ಸಭೆ ಜೋರಾಗಿ ನಕ್ಕಿತು. ಈ ಸಲ ಜನ ನನ್ನ ಕಡೆ ತಿರುಗಿ ನಗುತ್ತಿದ್ದರು. ಸತ್ಯ ಹೇಳಲು ಹೊರಟಾಗಲೂ ಏಳು ಸಲವನ್ನು ನುಂಗಿಹಾಕಿದ್ದೆನಲ್ಲ!

"ಇನ್ನೊಂದು. ಗಾಬ್ರ್ಯಾಗ ನನ್ನ ಬಾಯಾಗ ತೆಲುಗು ಬಂತು ಅಂದ್ರು ಸಾರ್. ತಾನಾಗಿ ಬರಲಿಲ್ರಿ, ನಾನ ಕರಕೊಂಡು ಬಂದೆ. ಮೊದಲು ರೈಟ್ ಅನ್ನಾಕ ಬಾಯಿ ತೆಗೆದೆ. ನಮ್ಮ ಬಸ್ಸಿನಾಗ ಕಂಡಕ್ಟರು ರೈಟ್ ರೈಟ್ ಅಂದ್ರ ಏನ್ರಿ?"

"ಮುಂದಕ್ಕ ಹೋಗು!" ಎಂದಿತು ಇಡೀ ಸಭೆ.

"ಹಾಂ. ಸಾರೂ ಈ ಕಡಿಯವರ. ಮುಂದಕ್ಕ ಹೊಡೆದ್ರ ಹಗ್ಗ ಅಲ್ಲೇ ಐತಿ. ಕನ್ನಡದಾಗ ಬಲ ಅನ್ನೋಣು ಅಂದ್ರ, ಬಲ ಹಾಕು ಅಂತ ತಿಳಕೊಂಡು ಇಂಜಿನ್ನಿಗೆ ಇನ್ನಷ್ಟು ಜೋರು ಕೊಟ್ರ? ಆಮ್ಯಾಲೆ ಉಳಿದಿದ್ದು ಇದೊಂದ ಮಾತು. ನಮ್ಮ ಡ್ರಿಲ್ ಮೇಷ್ಟ್ರು ಕುಡಿ ಅಂದ್ರ ಇಡೀ ಶಾಲಿ ಬಲಕ್ಕ ತಿರುಗ್ತಿತ್ತು, ಒಬ್ಬನೂ ತಪ್ಪಿದ್ದಿಲ್ಲ. ಅದಕ್ಕ ಅದನ್ನ ಆರಿಸಿದೆ. ಹತ್ತೂವರಿ ಚಾದ ಟೈಮು ಅನ್ನೋದು ಮರ್ತೆ. ಅದು ನನ್ನ ತಪ್ಪರಿ."

ನಾನು ಕೂತಲ್ಲಿ ಕೂರಲಾಗದೆ ಎದ್ದೆ. ಇಷ್ಟು ವರ್ಷ ಅವನ ಗಾಬರಿಯನ್ನು ನಾನು ಕ್ಷಮಿಸಿಕೊಂಡು ಬಂದಿದ್ದೆ. ಇವತ್ತಿನ ನನ್ನ ನಿಜದಲ್ಲೂ ಅದನ್ನು ಹಾಗೇ ಇಟ್ಟಿದ್ದೆ.

"ಅಷ್ಟು ಹೊತ್ತಿನಲ್ಲಿ ಇಷ್ಟೆಲ್ಲ ಯೋಚನೆ ಮಾಡಿದೆಯೇನಪ್ಪ?" ಎಂದು ಕೇಳಿದೆ. ಮೈಕು ಇಲ್ಲದಿದ್ದರೂ ಸಭೆಗೆಲ್ಲ ಕೇಳಿಸಿತು.

ತಿಪ್ಪೇಸ್ವಾಮಿ ನನ್ನನ್ನು ನೋಡಿದ. ನಗು ಮೊದಲು ಕಣ್ಣಿಗೆ ಬಂತು, ಆಮೇಲೆ ತುಟಿಗೆ.

"ಯಾರರ ಒಬ್ರು ಮಾಡಬೇಕಿತ್ತಲ್ರಿ ಸಾರ್."